ಒಂದೇ ಸಾಲಿನಲ್ಲಿ

ಚಿತ್ತಾಪುರದ ಹಳೆ ಕಚೇರಿ, ಫರಸಿ ಹಾಸಿದ ನೆಲ.
ಮೇ ತಿಂಗಳಲ್ಲಿ ಚಪ್ಪಲಿ ಕಳಚಿ ಕೂತರೆ
ಅಂಗಾಲಿಗೆ ಅಷ್ಟೇ ತಂಪು.
ಲಾಡ್ಲೆಬಿ ಕುರ್ಚಿ ಬೇಡವೆಂದು ಬಾಗಿಲಲ್ಲೇ ಕೂತಳು.
"ನಮ್ಮವ್ವ ಖಣ್ಯಾಗ ಕಲ್ಲು ಹೊತ್ತಾಳ್ರಿ.
ಹೊತ್ತಾಳಂತ ಎಲ್ಲ್ಯಾರ ಬರದದೇನ್ ನೋಡ್ರಿ."

ಹಾಜರಿ ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸುವ ಮೊದಲು
ನಾನು ಟೈಪು ಮಾಡಿದ್ದೆ, ಹನ್ನೊಂದು ವರ್ಷದ ಹಿಂದೆ, ದಿನಗೂಲಿಗೆ.
ಆಳಿಗೊಂದು ಸಾಲು:
ಹೆಸರು, ಊರು, ಖಣಿ, ಕೂಲಿ, ಷರಾ.

ಮೊದಲು ಹೆಸರು ಕೊಟ್ಟೆ. ಇಮಾಂಬಿ.
ನೂರಾ ಮೂವತ್ತು ಇಮಾಂಬಿಯರು ಎದ್ದು ನಿಂತರು,
ವಾಡಿಯವರು, ಮಳಖೇಡದವರು, ಊರೇ ಇಲ್ಲದವರು.
ದೀರ್ಘ ಕೊಟ್ಟು ಇಮಾಂಬೀ ಅಂದರೆ ಇನ್ನೂ ಹನ್ನೆರಡು.
"ಊರು?"
"ನಾಲವಾರ."
ಇಮಾಂಬಿ ಅಥವಾ ನಾಲವಾರ ಅಂದುಬಿಟ್ಟರೆ
ಸಂತೆಗೆ ಸಂತೆಯೇ ಒಳಗೆ ನುಗ್ಗುತ್ತದೆ.
ಅಥವಾ ಬಲು ಉದಾರಿ. ಯಾರನ್ನೂ ಹೊರಗೆ ನಿಲ್ಲಿಸದು,
ಅದಕ್ಕೇ ಯಾರನ್ನೂ ಹುಡುಕಿಕೊಡದು.

ನನಗೆ ಬೇಕಾದ್ದು ಮತ್ತು.
ಸಾಣಿಗೆಯ ಕೆಳಗೊಂದು ಸಾಣಿಗೆ,
ಹೆಸರಿನಿಂದ ಉದುರಿದ್ದು ಊರಿಗೆ,
ಊರಿನಿಂದ ಉದುರಿದ್ದು ಖಣಿಗೆ.
ಯಾವುದನ್ನು ಮೊದಲು ಹಿಡಿದರೂ
ಕೊನೆಗೆ ಬೀಳುವ ಕಾಳು ಅದೇ.

ಹೆಸರು ಮತ್ತು ಊರು: ಹತ್ತೊಂಬತ್ತು ಸಾಲು.
"ಯಾವ ಖಣಿ, ನೆಪ್ಪದೇನು?"
"ಆರನೇದು. ಬೇವಿನ ಗಿಡದ್ದು.
ಗಿಡ ಬರ್ಕೊಂಡಿರಲ್ಲ ಬಿಡ್ರಿ."
ಮೂರನೆಯ ಸಾಣಿಗೆ ಹಿಡಿದೆ.
ಏನೂ ಬೀಳಲಿಲ್ಲ.

ಖಾಲಿ ಪರದೆಯ ಮೇಲೊಂದು ಕಡ್ಡಿ
ಕಣ್ಣು ಮಿಟುಕಿಸುತ್ತ ನಿಂತಿತ್ತು.
ಆಕೆ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದಳು.
"ಇಲ್ಲೇನ್ರಿ?"

ಹತ್ತೊಂಬತ್ತಕ್ಕೆ ಮರಳಿದೆ. ಬೆರಳಿಟ್ಟು ಓದಿದೆ,
ಮೂರನೇ ಇಯತ್ತೆಯ ಹುಡುಗಿಯ ಹಾಗೆ.
ಹದಿನಾಲ್ಕನೆಯದು ಉಳಿದವಕ್ಕಿಂತ ಗಿಡ್ಡ.
ನಾಲವಾರ ಅಂದು, ಅಲ್ಪವಿರಾಮ ಹಾಕಿ,
ಮಾತು ನಿಲ್ಲಿಸಿಬಿಟ್ಟಿತ್ತು,
ಹೊಸ್ತಿಲೊಳಗೆ ಒಂದೇ ಕಾಲಿಟ್ಟವರ ಹಾಗೆ.
ಕಡತ ತೆರೆದೆ.
ಅದರ ಕೆಳಗಿನ ಸಾಲು ಹೆಸರಿಲ್ಲದೆ ಶುರುವಾಗಿತ್ತು:
ಆರನೇ ಖಣಿ, ಎರಡೂಕಾಲು ರೂಪಾಯಿ

ಮುರಿದವಳು ನಾನೇ.
ಚಹಾ ಬಂದಿತ್ತೋ, ಕರೆಂಟು ಹೋಗಿತ್ತೋ,
ಮಗಳ ಶಾಲೆಯಿಂದ ಫೋನೋ,
ಬೆರಳು ಎಂಟರ್ ಒತ್ತಿ ಎದ್ದುಹೋಗಿತ್ತು.
ಹನ್ನೊಂದು ವರ್ಷ ಇಮಾಂಬಿ
ಮೇಲಿನ ಸಾಲಲ್ಲಿ ಊರಿದ್ದೂ ಕೆಲಸವಿಲ್ಲದವಳು,
ಕೆಳಗಿನ ಸಾಲಲ್ಲಿ ಕೂಲಿಯಿದ್ದೂ ಹೆಸರಿಲ್ಲದವಳು.
ಯಂತ್ರ ಸುಳ್ಳು ಹೇಳಿರಲಿಲ್ಲ.
ಸಾಲು ಅಂದರೆ ಅದಕ್ಕೆ ಸಾಲೇ.

ಒಂದು ಕೀಲಿ ಒತ್ತಿದೆ. ಕೆಳಗಿನದು ಮೇಲೇರಿ ಕೂಡಿಕೊಂಡಿತು.
ಮೂರೂ ಮಾತು ಮತ್ತೆ ಕೇಳಿದೆ.
ಒಂದು.
ಗಟ್ಟಿಯಾಗಿ ಓದಿದೆ, ಷರಾದವರೆಗೂ:
ಸಂಗಡ ಕೂಸು. ಕೂಲಿಯಲ್ಲಿ ನಾಲ್ಕಾಣೆ ಕಡಿತ.

ನಾನು ಹುಡುಕಿರಲಿಲ್ಲ ಅದನ್ನು, ಆಕೆಯೂ ಕೇಳಿರಲಿಲ್ಲ.
ಎದ್ದು ಬಂದಳು, ಗಾಜಿಗೆ ಬೆರಳಿಟ್ಟಳು.
"ಕೂಸಂದದ್ದು ಯಾವುದ್ರಿ? ಇದೇನು?"
ತೋರಿಸಿದೆ. ಎರಡೇ ಅಕ್ಷರ.
"ನಾನೇ ಇರ್ಬೇಕು," ಅಂದಳು. ತಡೆದು,
"ಇಲ್ಲಾ ನಮ್ಮಕ್ಕ. ಅಕಿ ಬದುಕ್ಲಿಲ್ಲ."
ಪುಟದ ತಾರೀಖು ಗೆದ್ದಲಿನ ಪಾಲಾಗಿತ್ತು.
"ಆ ನಾಲ್ಕಾಣೆ ಯಾರು ಒಯ್ದ್ರೋ," ಅಂದಳು ಆಮೇಲೆ,
ನನಗಲ್ಲ, ಗೋಡೆಗೆ.

ಪ್ರಿಂಟು ತೆಗೆದೆ.
ಕಾಗದದ ಅಗಲ ಸಾಲದೆ ಸಾಲು ಮತ್ತೆ ಮುರಿಯಿತು,
ಅದೇ ನಾಲವಾರದ ಹತ್ತಿರ.
ಇನ್ನೊಂದು ತೆಗೆದುಕೊಡ್ತೀನಿ ಅನ್ನುವಷ್ಟರಲ್ಲಿ
ಲಾಡ್ಲೆಬಿ ಸರಿಯಾಗಿ ಅಲ್ಲೇ ಮಡಚಿ
ಎಲಡಿಕೆ ಸಂಚಿಗೆ ತುರುಕಿ
ಚಪ್ಪಲಿ ಹುಡುಕುತ್ತಿದ್ದಳು.